ಗ್ಲಾಕೋಮಾ ಆಪರೇಷನ್ ನಂತರ ಪ್ರೆಶರ್ ತೀರಾ ಇಳಿದರೆ ಲೇಸರ್ ಒಂದೇ ಸಾಕಾ?

"ಗ್ಲಾಕೋಮಾ ಆಪರೇಷನ್ ಆದಮೇಲೆ ಕಣ್ಣಿನ ಪ್ರೆಶರ್ ಎಷ್ಟು ಇಳಿದರೂ ಒಳ್ಳೆಯದೇ, ತೀರಾ ಕಡಿಮೆಯಾದರೆ ಒಂದು ಸಲ ಲೇಸರ್ ಮಾಡಿಸಿದರೆ ಸರಿಹೋಗುತ್ತೆ" ಅನ್ನುವ ಮೆಸೇಜ್ ಓಡಾಡುತ್ತಿದೆ. ಎರಡೂ ಮಾತು ತಪ್ಪು. ಗ್ಲಾಕೋಮಾ ಅಂದರೆ ಹೆಚ್ಚಾಗಿ ಕಣ್ಣೊಳಗಿನ ಪ್ರೆಶರ್ ಏರಿ ದೃಷ್ಟಿಯ ನರ ಹಾಳಾಗುವ ಕಾಯಿಲೆ; ಆಪರೇಷನ್‌ನಲ್ಲಿ ಕಣ್ಣೊಳಗಿನ ದ್ರವ ಹೊರಹೋಗಲು ದಾರಿ ಮಾಡಿ ಪ್ರೆಶರ್ ಇಳಿಸುತ್ತಾರೆ.

ಸಾಮಾನ್ಯವಾಗಿ ಈ ಪ್ರೆಶರ್ 10ರಿಂದ 21 ಮಿ.ಮೀ. ಪಾದರಸದಷ್ಟು ಇರುತ್ತದೆ. ಅದು 5ಕ್ಕಿಂತ ಕೆಳಗಿಳಿದು ಅಲ್ಲೇ ನಿಂತರೆ, ಗಾಳಿ ಕಡಿಮೆಯಾದ ಚೆಂಡಿನ ಹಾಗೆ ಕಣ್ಣು ಮೆತ್ತಗಾಗಿ ಹಿಂಭಾಗದ ಪದರದಲ್ಲಿ ಸುಕ್ಕು ಬೀಳಬಹುದು. ಆಗ ದೃಷ್ಟಿ ಮಂಜಾಗುತ್ತದೆ.

ಇನ್ನು ಲೇಸರ್. ಗ್ಲಾಕೋಮಾದಲ್ಲಿ ಬಳಸುವ ಲೇಸರ್ ಹೆಚ್ಚಾಗಿ ಪ್ರೆಶರ್ ಇಳಿಸುವುದಕ್ಕೇ ಇರುವುದು. ಆಪರೇಷನ್ ಆದಮೇಲೆ ಲೇಸರ್‌ನಿಂದ ಹೊಲಿಗೆ ಕತ್ತರಿಸುತ್ತಾರಲ್ಲ, ಅದೂ ದ್ರವ ಜಾಸ್ತಿ ಹೊರಹೋಗಲಿ ಅಂತಲೇ. ಗೊಂದಲ ಶುರುವಾಗಿದ್ದು ಇಲ್ಲೇ ಇರಬೇಕು. ಹಾಗಂತ ಪ್ರೆಶರ್ ಏರಿಸಲು ಲೇಸರ್ ಇಲ್ಲವೇ ಇಲ್ಲ ಅಂತಲ್ಲ: ಕಣ್ಣಿನ ಒಳಪದರ ಗೋಡೆಯಿಂದ ಬಿಟ್ಟುಕೊಂಡು ಸಂದಿಯಾಗಿದ್ದರೆ ಅದನ್ನು ಲೇಸರ್‌ನಿಂದ ಮುಚ್ಚಲು ನೋಡುತ್ತಾರೆ, ಹೊರಬರುವ ದ್ರವ ಸೇರಲೆಂದು ಆಪರೇಷನ್‌ನಲ್ಲಿ ಕಣ್ಣಿನ ಬಿಳಿಭಾಗದ ಮೇಲೆ ಮಾಡಿದ ಗುಳ್ಳೆ ಅತಿಯಾಗಿ ಸೋರುತ್ತಿದ್ದರೆ ಅದರ ಮೇಲೂ ಕೆಲವೊಮ್ಮೆ ಬಳಸುತ್ತಾರೆ.

ಆದರೆ ಮೊದಲು ಕಾರಣ ಗೊತ್ತಾಗಬೇಕು ಅಲ್ವಾ? ಕಣ್ಣಿಗೆ ಕಿತ್ತಳೆ ಬಣ್ಣದ ಡೈ ಹಾಕಿ ನೀಲಿ ಬೆಳಕಲ್ಲಿ ನೋಡಿದರೆ, ಸೋರುವ ಜಾಗದಿಂದ ಸಣ್ಣ ಹಸಿರು ಧಾರೆ ಇಳಿಯುವುದು ಕಾಣುತ್ತದೆ. ಎಷ್ಟೋ ಜನರಿಗೆ ಡ್ರಾಪ್ಸ್ ಬದಲಾಯಿಸಿ, ಬ್ಯಾಂಡೇಜ್ ಲೆನ್ಸ್ (ಗಾಯದ ಮೇಲೆ ಪಟ್ಟಿಯ ಹಾಗೆ ಕೂರುವ ಕಾಂಟ್ಯಾಕ್ಟ್ ಲೆನ್ಸ್) ಹಾಕಿ ಕಾದರೆ ಸಾಕಾಗುತ್ತದೆ. ಕೆಲವರಿಗೆ ಮತ್ತೆ ಹೊಲಿಗೆ ಬೇಕಾಗುತ್ತದೆ.

ದಯವಿಟ್ಟು ಸುಮ್ನೆ ಮೆಸೇಜ್ ನಂಬಿ ಸ್ಟೀರಾಯ್ಡ್ ಡ್ರಾಪ್ಸ್ ನೀವೇ ನಿಲ್ಲಿಸಬೇಡಿ. ದೃಷ್ಟಿ ಮಂಜಾದರೆ, ನೋವು ಬಂದರೆ, ಕಣ್ಣಿಂದ ನೀರು ಸೋರಿದರೆ ಅವತ್ತೇ ಆಪರೇಷನ್ ಮಾಡಿದ ಡಾಕ್ಟರ್ ಹತ್ತಿರ ಹೋಗಿ.