ಮೊದಲ ವರ್ಷದ ಫೀಸು ಕಟ್ಟಿದರೆ ಮುಗಿಯಿತಾ?

‘ಆನ್‌ಲೈನ್‌ನಲ್ಲಿ ಹಣ ಎತ್ತಿದರೆ ಬಡ ಮಕ್ಕಳ ಓದು ನಿಲ್ಲುವುದಿಲ್ಲ’ ಎಂದು ಬರೆದಿದ್ದೀರಿ. ಇದನ್ನು ಪೂರ್ತಿ ಒಪ್ಪಲಾರೆ. ನಮ್ಮೂರ ಹುಡುಗಿಗೆ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಾಗ ನಾವೂ ಹಾಗೇ ಮಾಡಿದೆವು. ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಹರಿದಾಡಿತು, ದುಬೈನಲ್ಲಿರುವ ಊರಿನವರೂ ಕಳಿಸಿದರು, ನಾಲ್ಕೇ ದಿನದಲ್ಲಿ ಫೀಸಿನ ದುಡ್ಡು ಸೇರಿತು. ಆದರೆ ಕೋರ್ಸ್ 4 ವರ್ಷದ್ದು ಅಲ್ವಾ? ಎರಡನೇ ವರ್ಷ ಅದೇ ಲಿಂಕ್ ಹಾಕಿದರೆ ಬಂದದ್ದು ಹಾಸ್ಟೆಲ್ ಮೆಸ್ ಬಿಲ್ಲಿಗೂ ಸಾಲಲಿಲ್ಲ. ವಿದ್ಯಾರ್ಥಿವೇತನ ಖಾತೆಗೆ ಬೀಳುವಷ್ಟರಲ್ಲಿ ಫೀಸಿನ ಗಡುವು ದಾಟಿತ್ತು. ಅವರಮ್ಮ ಕಿವಿಯ ಓಲೆ ಅಡವಿಟ್ಟರು.

ಇನ್ನೊಂದು ಮಾತು. ಲಿಂಕಿನ ಜೊತೆ ಅವಳ ಫೋಟೊ ಹಾಕಿದ್ದೆವು: ಸೋರುವ ಹಂಚಿನ ಮನೆ ಮುಂದೆ ಮಾರ್ಕ್ಸ್ ಕಾರ್ಡ್ ಹಿಡಿದು ನಿಂತದ್ದು. ಅದು ಈಗಲೂ ನೆಟ್‌ನಲ್ಲಿದೆ. ಕ್ಲಾಸಿನವರು ನೋಡಿದರು ಎಂದು ಅವಳು ಅತ್ತದ್ದನ್ನು ನಾನು ಮರೆತಿಲ್ಲ.

ಹಿಂದೆ ವಾರಾನ್ನ ಇತ್ತು, ಅಂದರೆ ಬಡ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಣ್ಣುತ್ತಿದ್ದರು. ಜಾತಿ ನೋಡಿ ಬಡಿಸುತ್ತಿದ್ದರು ನಿಜ, ಅದು ದೊಡ್ಡ ತಪ್ಪೇ. ಆದರೆ ದಿನಕ್ಕೊಂದು ಮನೆ ಅಂತ ಹಂಚಿಕೊಂಡಿದ್ದರಿಂದ ಯಾರಿಗೂ ಭಾರ ಆಗುತ್ತಿರಲಿಲ್ಲ. ಈಗ ನಾವು 10 ಜನ ತಿಂಗಳಿಗೆ 500 ರೂಪಾಯಿಯಂತೆ ಎತ್ತಿಡುತ್ತೇವೆ, ಫೀಸನ್ನು ನೇರವಾಗಿ ಕಾಲೇಜಿಗೇ ಕಟ್ಟುತ್ತೇವೆ. ಫೋಟೊ ಇಲ್ಲ, ಲಿಂಕ್ ಇಲ್ಲ. ಅವಳೀಗ ಕೊನೆಯ ವರ್ಷದಲ್ಲಿದ್ದಾಳೆ.