ಕಟಕ ರೊಟ್ಟಿ ಮೆತ್ತಗಾಗುವ ಊರು

ಹುಬ್ಬಳ್ಳಿಯಲ್ಲಿ ಮುರಿದರೆ ಪಕ್ಕದ ಮನೆಗೂ ಕೇಳುವಂಥ ಕಟಕ ರೊಟ್ಟಿ, ಮಂಜಗುಣಿಯಲ್ಲಿ ಡಬ್ಬಿ ತೆಗೆಯುವಷ್ಟರಲ್ಲಿ ಒದ್ದೆ ಟವೆಲ್ಲಿನ ಹಾಗೆ ಜೋತು ಬೀಳುತ್ತದೆ. ಪ್ರತಿ ಸಲವೂ ಇದೇ ಕಥೆ. "ಮೆತ್ತನ ರೊಟ್ಟಿನ ಕಟ್ಕೊಂಡು ಹೋಗೂಣ್ರಿ, ಹೆಂಗೂ ಮೆತ್ತಗ ಆಗ್ತಾವ" ಅಂತ ಮನೆಯಾಕಿ ಹೇಳುತ್ತಾಳೆ. ನಾನು ಕೇಳುವುದಿಲ್ಲ. ರೊಟ್ಟಿ, ಕೆಂಪಿಂಡಿ, ಶೇಂಗಾ ಚಟ್ನಿ ಇಲ್ಲದೆ ಘಟ್ಟ ಇಳಿದರೆ ನನಗೆ ಯಾಕೋ ಪರದೇಶಕ್ಕೆ ಹೋದ ಹಾಗೆ ಅನ್ನಿಸುತ್ತದೆ.

ಮಂಜಗುಣಿ ಅಂದರೆ ಗಂಗಾವಳಿ ನದಿ ಸಮುದ್ರ ಸೇರುವಲ್ಲಿರುವ ಸಣ್ಣ ಊರು. ಈಚೆ ದಡ ಅಂಕೋಲಾ ತಾಲ್ಲೂಕು, ಆಚೆ ದಡ ಕುಮಟಾ ತಾಲ್ಲೂಕು. ದೋಣಿ, ಬಲೆ, ತೆಂಗು, ಅಂಗಳದಲ್ಲಿ ಒಣಗಿಸಿದ ಮೀನು. ನೋಡಲು ಅಷ್ಟೇ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ, ಆದರೂ ಬಂಗಡೆ ಯಾವುದು, ತಾರ್ಲೆ ಯಾವುದು ಅಂತ ಮಕ್ಕಳಿಗೆ ಹೇಳಿಕೊಡುವಷ್ಟು ಪಂಡಿತನಾಗಿದ್ದೇನೆ!

ನಿಜ ಹೇಳಬೇಕೆಂದರೆ ನಾನು ಅಲ್ಲಿಗೆ ಹೋಗುವುದು ನೀರಿನ ಸಲುವಾಗಿ. ಧಾರವಾಡದ ಸೋಮೇಶ್ವರ ಗುಡಿ ಹತ್ತಿರ ಹುಟ್ಟುವ ಶಾಲ್ಮಲಾ, ಬೇಡ್ತಿ ಸೇರಿ, ಯಲ್ಲಾಪುರದ ಹತ್ತಿರ ಮಾಗೋಡಿನಲ್ಲಿ ಸುಮಾರು 200 ಮೀಟರ್ ಕೆಳಗೆ ಹಾರಿ, ಕಾಡೆಲ್ಲ ಸುತ್ತಿ, ಇಲ್ಲಿ ಗಂಗಾವಳಿ ಅನ್ನಿಸಿಕೊಂಡು ಉಪ್ಪಾಗುತ್ತದೆ. ಸೋಮೇಶ್ವರದಲ್ಲಿ ಒಂದೇ ಜಿಗಿತಕ್ಕೆ ದಾಟಬಹುದಾದ ನೀರು ಇಲ್ಲಿ ಆಚೆ ದಡದ ಮನುಷ್ಯನ ಮುಖ ಕಾಣದಷ್ಟು ಅಗಲ. ಹುಬ್ಬಳ್ಳಿ-ಅಂಕೋಲಾ ರೈಲು ಬರುತ್ತೆ ಬರುತ್ತೆ ಅಂತ ಕೇಳುತ್ತಲೇ ನನ್ನ ಕೂದಲು ಬೆಳ್ಳಗಾಯಿತು, ನೀರು ಮಾತ್ರ ಯಾರ ಮಂಜೂರಾತಿಗೂ ಕಾಯದೆ ಅರಬೈಲು ಘಟ್ಟದ ಲಾರಿಗಳ ಗೋಜೂ ಇಲ್ಲದೆ ಬಂದು ಮುಟ್ಟಿದೆ, ಅಲ್ವಾ?

ಹೋದ ಸಲ ಅಂಗಳದಲ್ಲಿ ಒಣ ಶೆಟ್ಲಿ, ಅಂದರೆ ಸೀಗಡಿ, ಆರಿಸುತ್ತಿದ್ದ ಅಜ್ಜಿಯೊಬ್ಬರಿಗೆ ಇದನ್ನೆಲ್ಲ ದೊಡ್ಡದಾಗಿ ಹೇಳಿದೆ. ಈ ನದಿ ನಮ್ಮೂರಿಂದ ಬರುತ್ತದೆ ಅಜ್ಜಿ, ಅಂತ. ಎದೆ ಸ್ವಲ್ಪ ಉಬ್ಬಿತ್ತು ಕೂಡ.

ಅವರು ತಲೆ ಎತ್ತದೆ, "ಹಂಗಾರೆ ಮಳೆಗಾಲದಾಗೆ ಬರೂ ಕೆಂಪು ನೀರು, ಕಸ, ಪ್ಲಾಸ್ಟಿಕ್ಕು ಎಲ್ಲಾ ನಿಮ್ಮದೇ ಅನ್ನು ತಮಾ" ಅಂದರು.

ಮನೆಯಾಕಿ ನಕ್ಕಳು ನೋಡಿ, ಇಡೀ ದಾರಿಯಲ್ಲಿ ಅಷ್ಟು ನಕ್ಕಿರಲಿಲ್ಲ.

ಮಾತು ಬದಲಿಸಲು ರೊಟ್ಟಿ ಡಬ್ಬಿ ತೆಗೆದು ಮುಂದೆ ಹಿಡಿದೆ. ಅಜ್ಜಿ ಒಂದನ್ನು ಎತ್ತಿ, ಅದು ಜೋತು ಬಿದ್ದದ್ದು ನೋಡಿ, ಏನೂ ಹೇಳದೆ ಎಲ್ಲವನ್ನೂ ಒಳಗೆ ಒಯ್ದರು. ಒಲೆಯಲ್ಲಿ ಕೆಂಡ ಇತ್ತಂತೆ. ಬೆಳಿಗ್ಗೆ ಬಂಗಡೆ ಸುಟ್ಟ ಕೆಂಡ ಅಂತ ನನಗೆ ವಾಸನೆಯಲ್ಲೇ ಗೊತ್ತಾಯಿತು, ಆದರೆ ಮನೆಯಾಕಿಗೆ ಹೇಳಲು ಹೋಗಲಿಲ್ಲ. ಐದು ನಿಮಿಷಕ್ಕೆ ರೊಟ್ಟಿ ಹೊರಗೆ ಬಂತು. ಮುರಿದೆ. ಕಟಕ್ ಅಂತು.

"ಘಮ ಬೇರೆನ ಐತಿ ನೋಡ್ರಿ" ಅಂತ ಮನೆಯಾಕಿ ಇನ್ನೊಂದು ತಗೊಂಡಳು.