ಮಾತ್ರೆ ನುಂಗಿ ನಾಮಕರಣಕ್ಕೆ ಬರಬೇಡಿ

ಊರಿಗೆ ಊರೇ ಕೆಮ್ಮುತ್ತಿರುವ ಈ ದಿನಗಳಲ್ಲಿ ನನ್ನದೊಂದು ಕೋರಿಕೆ. ಜ್ವರ ಬಂದಿದ್ದರೆ ದಯವಿಟ್ಟು ಯಾರ ಮನೆಗೂ ಹೋಗಬೇಡಿ. ಮದುವೆಯಿರಲಿ, ಸೀಮಂತವಿರಲಿ, ಗೃಹಪ್ರವೇಶವಿರಲಿ, ಕರೆದವರು ಎಷ್ಟೇ ಹತ್ತಿರದವರಿರಲಿ. "ಬೆಳಿಗ್ಗೆ ಒಂದು ಪ್ಯಾರಾಸಿಟಮಾಲ್ ತೆಗೆದುಕೊಂಡೆ, ಈಗ ಜ್ವರ ಬಿಟ್ಟಿದೆ" ಎನ್ನುತ್ತಾ ಪಂಕ್ತಿಯಲ್ಲಿ ಬಂದು ಕೂರುವವರನ್ನು ಕಂಡರೆ ನನಗೆ ಸಿಟ್ಟೂ ಬರುತ್ತದೆ, ಭಯವೂ ಆಗುತ್ತದೆ. ಮಾತ್ರೆ ಇಳಿಸುವುದು ಮೈಯ ಕಾವನ್ನು. ಮೂಗು, ಗಂಟಲಿನಲ್ಲಿ ಬೆಳೆಯುತ್ತಿರುವ ವೈರಸ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಕೆಮ್ಮಿದರೆ, ಸೀನಿದರೆ, ಹತ್ತಿರ ಕುಳಿತು ಮಾತನಾಡಿದರೆ ಅದು ಮೊದಲಿನಂತೆಯೇ ಇನ್ನೊಬ್ಬರನ್ನು ಸೇರುತ್ತದೆ.

ಇನ್‌ಫ್ಲುಯೆಂಜಾ, ಅಂದರೆ ಫ್ಲೂ, ಬಂದವರು ಜ್ವರ ಕಾಣಿಸಿಕೊಳ್ಳುವ ಹಿಂದಿನ ದಿನದಿಂದಲೇ ರೋಗ ಹರಡಬಲ್ಲರು. ಕಾಯಿಲೆ ಶುರುವಾದ ಮೇಲೆ ಐದರಿಂದ ಏಳು ದಿನ ಇದು ನಡೆಯುತ್ತದೆ, ಮಕ್ಕಳಲ್ಲಿ ಇನ್ನೂ ಹೆಚ್ಚು ದಿನ. ಮೊದಲ ಮೂರು ನಾಲ್ಕು ದಿನಗಳಲ್ಲಿ ಹರಡುವಿಕೆ ಅತಿ ಜೋರು. ಅಂದರೆ ಮಾತ್ರೆ ನುಂಗಿ ಹೊರಡುವ ದಿನಗಳೇ ಅವು. ವೈದ್ಯರು ಹೇಳುವ ಲೆಕ್ಕ ಸರಳವಾಗಿದೆ: ಮಾತ್ರೆಯ ಸಹಾಯವಿಲ್ಲದೆ ಪೂರಾ 24 ಗಂಟೆ ಜ್ವರ ಬಾರದಿದ್ದ ಮೇಲೆ ಮನೆಯಿಂದ ಹೊರಗೆ ಕಾಲಿಡಿ. ಆಗಲೂ ಕೆಮ್ಮು ಉಳಿದಿದ್ದರೆ ಮಾಸ್ಕ್ ಇರಲಿ.

ನಾದಿನಿಯ ಮಗುವಿನ ನಾಮಕರಣದ ದಿನ ಮನೆ ತುಂಬ ಜನ. ಮಗುವಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ನೆಂಟರಲ್ಲಿ ಹಿರಿಯರೊಬ್ಬರು ಕಣ್ಣು ಕೆಂಪಾಗಿಸಿಕೊಂಡು, ಶಾಲು ಹೊದ್ದು ಬಂದಿದ್ದರು. ಬಾರದಿದ್ದರೆ ಬೇಸರ ಮಾಡಿಕೊಳ್ಳುತ್ತೀರಿ ಎಂದು ಬಂದೆ ಎಂದರು. ತೊಟ್ಟಿಲಿಗೆ ಹಾಕುವ ಮೊದಲು ಮಗು ಕೈಯಿಂದ ಕೈಗೆ ಹೋಯಿತು, ಅವರ ಕೈಗೂ ಹೋಯಿತು. ಪ್ರೀತಿಯಿಂದ ಕೆನ್ನೆಗೆ ಮುತ್ತಿಟ್ಟರು. ಎರಡು ದಿನ ಕಳೆಯುವಷ್ಟರಲ್ಲಿ ಬಾಣಂತಿಗೆ ಜ್ವರ, ಅದರ ಮರುದಿನ ಮಗುವಿಗೆ. ಹಾಲು ಕುಡಿಯುವುದನ್ನೇ ಬಿಟ್ಟ ಮಗುವನ್ನು ಎತ್ತಿಕೊಂಡು ನಡುರಾತ್ರಿ ಆಸ್ಪತ್ರೆಗೆ ಓಡಿದೆವು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಆಮ್ಲಜನಕ ಕೊಟ್ಟರು, ಮಗು ಚೇತರಿಸಿಕೊಂಡಿತು. ಸೋಂಕು ಅವರಿಂದಲೇ ಬಂತು ಎಂದು ಯಾರೂ ಆಣೆ ಮಾಡಿ ಹೇಳಲಾರರು. ಆದರೆ ಅಂಥ ಸಮಯದಲ್ಲಿ ಆ ಕೂಸನ್ನು ಅಷ್ಟು ಕೈಗಳಿಗೆ ಕೊಡಬೇಕಾದ ಅಗತ್ಯವೇ ಇರಲಿಲ್ಲ.

ಆರು ತಿಂಗಳು ತುಂಬದ ಮಗುವಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ. ಅದನ್ನು ಕಾಯಬೇಕಾದವರು ಸುತ್ತಲಿನ ದೊಡ್ಡವರೇ. ಹಾಗೆಯೇ ಮನೆಯ ಅಜ್ಜ ಅಜ್ಜಿ, ಗರ್ಭಿಣಿ, ಸಕ್ಕರೆ ಕಾಯಿಲೆಯವರು, ಉಬ್ಬಸದವರು, ಹೃದಯ ಇಲ್ಲವೇ ಮೂತ್ರಪಿಂಡದ ತೊಂದರೆ ಇರುವವರು, ಇವರನ್ನೂ ಕಾಯಬೇಕು. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಫ್ಲೂ ವೈರಸ್ ಹಬ್ಬಿದ್ದಾಗ ದೇಶದಲ್ಲಿ ವರದಿಯಾದ ಮೊದಲ ಸಾವುಗಳಲ್ಲಿ ಒಂದು ನಮ್ಮ ಹಾಸನ ಜಿಲ್ಲೆಯದು. 82 ವರ್ಷದ ಹಿರಿಯರು, ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇದ್ದವರು. ಗಟ್ಟಿಮುಟ್ಟಾದವರಿಗೆ ನಾಲ್ಕು ದಿನದ ಮೈಕೈ ನೋವಾಗಿ ಹೋಗುವ ಜ್ವರ ಇಂಥವರಲ್ಲಿ ನ್ಯುಮೋನಿಯಾಕ್ಕೆ ತಿರುಗಬಹುದು. ವಯಸ್ಸು ಚಿಕ್ಕದು ಎಂದು ಉಳಿದವರು ನಿಶ್ಚಿಂತೆಯಿಂದ ಇರುವಂತೆಯೂ ಇಲ್ಲ. 2009ರಲ್ಲಿ ಎಚ್1ಎನ್1, ಅಂದರೆ ಹಂದಿಜ್ವರ, ಬಂದಾಗ ಭಾರತದಲ್ಲಿ ಮೊದಲು ಬಲಿಯಾದದ್ದು ಪುಣೆಯ 14 ವರ್ಷದ ಬಾಲಕಿ.

ಆದ್ದರಿಂದ ಮನೆಯಲ್ಲಿ ಯಾರನ್ನು ಮೊದಲು ಕಾಯಬೇಕು ಎಂಬುದನ್ನು ಜ್ವರ ಬರುವ ಮುಂಚೆಯೇ ತೀರ್ಮಾನಿಸಿಕೊಳ್ಳಿ. ನಮ್ಮ ಮನೆಗಳಲ್ಲಿ ವೈರಸ್ ಸಾಮಾನ್ಯವಾಗಿ ಬರುವುದು ಶಾಲೆಗೆ ಹೋಗುವ ಮಗುವಿನ ಜೊತೆ. ಆ ಮಗು ರಾತ್ರಿ ಮಲಗುವುದು ಅಜ್ಜಿಯ ಮಗ್ಗುಲಲ್ಲಿ, ಒಂದೇ ಕಂಬಳಿಯೊಳಗೆ. ಹೀಗೆ ತರಗತಿಯ ಕೆಮ್ಮು ಎಪ್ಪತ್ತೈದು ವರ್ಷದ ಶ್ವಾಸಕೋಶಕ್ಕೆ ನೇರವಾಗಿ ತಲುಪುತ್ತದೆ. ಊರಲ್ಲಿ ಜ್ವರ ಎದ್ದಿದೆ ಎಂದು ಕಿವಿಗೆ ಬಿದ್ದ ದಿನವೇ ಮಗುವಿನ ಹಾಸಿಗೆಯನ್ನು ಬೇರೆ ಮಾಡಿ. ಅಜ್ಜಿಗೂ ಮೊಮ್ಮಗುವಿಗೂ ಇದು ಕಷ್ಟದ ಕೆಲಸ, ನನಗೆ ಗೊತ್ತು. ನಮ್ಮ ಅತ್ತೆ ಮೊದಲ ರಾತ್ರಿ ಮುನಿಸಿಕೊಂಡು ಊಟವನ್ನೇ ಮಾಡಲಿಲ್ಲ. ಕಥೆಯನ್ನು ಬಾಗಿಲಾಚೆಯಿಂದ ಹೇಳುವುದು ಎಂದು ಕೊನೆಗೆ ಒಪ್ಪಂದವಾಯಿತು.

ಮಲಗಿದವರಿಗೆ ಕಿಟಕಿ ಇರುವ ಕೋಣೆ ಕೊಡಿ, ಕಿಟಕಿಯನ್ನು ತೆರೆದಿಡಿ. ಗಾಳಿ ತಾಗಿದರೆ ಶೀತ ಹೆಚ್ಚಾಗುತ್ತದೆ ಎಂದು ಎಲ್ಲವನ್ನೂ ಮುಚ್ಚಿ ಮಲಗಿಸುವ ಅಭ್ಯಾಸ ನಮ್ಮಲ್ಲಿದೆ. ಮುಚ್ಚಿದ ಕೋಣೆಯಲ್ಲಿ ಸೋಂಕು ದಟ್ಟವಾಗುತ್ತದೆ, ಗಂಜಿ ಕೊಡಲು ಒಳಗೆ ಹೋದವರಿಗೂ ಅಂಟುತ್ತದೆ. ಆರೈಕೆಗೆ ಒಬ್ಬರೇ ಇರಲಿ, ಅವರು ಗರ್ಭಿಣಿಯೋ ವಯಸ್ಸಾದವರೋ ಆಗಿರದಿರಲಿ. ಇಬ್ಬರೂ ಮಾಸ್ಕ್ ಹಾಕಲಿ. ಬೇರೆ ಕೋಣೆ ಎಲ್ಲಿಂದ ತರೋಣ ಎಂದು ಕೇಳುವವರೇ ಹೆಚ್ಚು. ಒಂದೇ ಕೋಣೆಯ ಮನೆಯಲ್ಲಿ ಬೆಳೆದವಳಾದ ನನಗೂ ಅದರ ಕಷ್ಟ ತಿಳಿದಿದೆ. ಅಂಥ ಕಡೆ ಕಾಯಿಲೆಯವರು ಕಿಟಕಿಯ ಬದಿಗೆ, ಮುದುಕರು ಮತ್ತು ಕೂಸು ಇನ್ನೊಂದು ತುದಿಗೆ, ಒಬ್ಬರ ತಲೆ ಇರುವ ಕಡೆ ಇನ್ನೊಬ್ಬರ ಕಾಲು ಬರುವ ಹಾಗೆ ಹಾಸಿಗೆ. ಇಷ್ಟಾದರೂ ಸಾಧ್ಯ. ಇನ್ನು ಕೈ ತೊಳೆಯುವ ಬೇಸಿನ್ ಪಕ್ಕ ನೇತಾಡುವ ಆ ಒಂದು ಟವೆಲ್. ಮನೆಮಂದಿಯೆಲ್ಲ ಕೈ, ಬಾಯಿ, ಮೂಗು ಒರೆಸಿಕೊಳ್ಳುವುದು ಅದಕ್ಕೇ. ಮೊದಲು ಅದನ್ನು ತೆಗೆದು ಒಗೆಯಲು ಹಾಕಿ, ಒಬ್ಬೊಬ್ಬರಿಗೆ ಒಂದೊಂದು ಬಟ್ಟೆ ಕೊಡಿ. ಪಾತ್ರೆಗಳ ಬಗ್ಗೆ ಅಷ್ಟು ಹೆದರಬೇಕಾಗಿಲ್ಲ, ಸೋಪು ಹಾಕಿ ಚೆನ್ನಾಗಿ ತೊಳೆದರೆ ಸಾಕು. ಮನೆಗೆಲಸಕ್ಕೆ ಬರುವ ಅಕ್ಕನಿಗೆ ಜ್ವರವಿದ್ದರೆ ಸಂಬಳ ಕತ್ತರಿಸದೆ ರಜೆ ಕೊಡಿ. ಕೂಲಿ ಹೋಗುತ್ತದೆ ಎಂಬ ಭಯ ಇರುವವರೆಗೆ ಯಾರೂ ತಮಗೆ ಜ್ವರವಿದೆ ಎಂದು ಬಾಯಿ ಬಿಡುವುದಿಲ್ಲ.

ಕಷಾಯದ ಮೇಲೆ ನನಗೆ ಜಗಳವಿಲ್ಲ. ಶುಂಠಿ, ಮೆಣಸಿನ ಬಿಸಿ ನೀರು ಗಂಟಲಿಗೆ ಹಿತ. ಆದರೆ ಕಷಾಯ ಕುಡಿದಿದ್ದೇನೆ ಎಂದು ಬಾಣಂತಿಯ ಕೋಣೆಗೆ ನುಗ್ಗಬೇಡಿ. ಕುದಿಯುವ ನೀರಿನ ಪಾತ್ರೆಯ ಮುಂದೆ ಚಿಕ್ಕ ಮಕ್ಕಳನ್ನು ಕೂರಿಸಿ ಹಬೆ ಹಿಡಿಸಲೂಬೇಡಿ, ಮೈಮೇಲೆ ನೀರು ಚೆಲ್ಲಿ ಸುಟ್ಟುಕೊಂಡ ಮಕ್ಕಳು ಆಸ್ಪತ್ರೆ ಸೇರುತ್ತಾರೆ. ಔಷಧಿ ಅಂಗಡಿಯಲ್ಲಿ ಕೇಳಿ ತರುವ ಆಂಟಿಬಯೋಟಿಕ್ ವೈರಸ್ಸಿನ ಮೇಲೆ ಕೆಲಸ ಮಾಡುವುದಿಲ್ಲ. 2023ರ ಅಲೆಯಲ್ಲಿ ಭಾರತೀಯ ವೈದ್ಯಕೀಯ ಸಂಘವೇ ಇದನ್ನು ಎತ್ತಿ ಹೇಳಿತ್ತು: ಜ್ವರ ಮೂರು ದಿನಕ್ಕೆ ಇಳಿಯುತ್ತದೆ, ಕೆಮ್ಮು ಮೂರು ವಾರದವರೆಗೂ ಇರಬಹುದು, ಅಜಿತ್ರೋಮೈಸಿನ್‌ನಂಥವನ್ನು ಸುಮ್ಮನೆ ನುಂಗಬೇಡಿ ಎಂದು. ಮಕ್ಕಳಿಗೆ ಆಸ್ಪಿರಿನ್ ಅಂತೂ ಕೂಡದು. ಮಳೆಗಾಲದಲ್ಲಿ ಡೆಂಗಿಯೂ ಜೊತೆಗಿರುವುದರಿಂದ, ಅದು ಅಲ್ಲ ಎಂದು ಖಚಿತವಾಗುವವರೆಗೆ ದೊಡ್ಡವರಿಗೂ ಆಸ್ಪಿರಿನ್, ಐಬುಪ್ರೊಫೇನ್ ಬೇಡ.

ಫ್ಲೂಗೆಂದೇ ಇರುವ ಔಷಧ ಒಸೆಲ್ಟಮಿವಿರ್. ಕಾಯಿಲೆ ಶುರುವಾದ 48 ಗಂಟೆಗಳೊಳಗೆ ಕೊಟ್ಟರೆ ಅದರ ಉಪಯೋಗ ಹೆಚ್ಚು. ಎಲ್ಲರಿಗೂ ಅದು ಬೇಕಾಗಿಲ್ಲ, ವೈದ್ಯರೇ ಬರೆದುಕೊಡಬೇಕು. ಆದರೆ ಮನೆಯ ಗರ್ಭಿಣಿಗೋ ಅಜ್ಜನಿಗೋ ಜ್ವರ ಬಂದರೆ "ಎರಡು ದಿನ ನೋಡೋಣ" ಎನ್ನಬೇಡಿ, ಅದೇ ದಿನ ವೈದ್ಯರ ಬಳಿ ಕರೆದುಕೊಂಡು ಹೋಗಿ. ಯಾರಿಗೇ ಆಗಲಿ ಏದುಸಿರು, ಎದೆನೋವು, ತುಟಿ ನೀಲಿಗಟ್ಟುವುದು, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಇಳಿದ ಜ್ವರ ಮತ್ತೆ ಏರಿ ಕೆಮ್ಮು ಜೋರಾದರೆ ಅದೂ ಅಪಾಯದ ಗುರುತೇ. ವಯಸ್ಸಾದವರಲ್ಲಿ ಜ್ವರವೇ ಕಾಣದೆ ಬರೀ ಸುಸ್ತು, ತಬ್ಬಿಬ್ಬು ಮಾತು ಮಾತ್ರ ಇರಬಹುದು, ಎಚ್ಚರವಿರಲಿ.

ಲಸಿಕೆಯ ವಿಷಯದಲ್ಲಿ ನಾವು ತುಂಬ ಹಿಂದೆ ಇದ್ದೇವೆ. ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಪ್ರತಿ ವರ್ಷ ಹಾಕಿಸಬೇಕು, ರಕ್ಷಣೆ ಬರಲು ಸುಮಾರು ಎರಡು ವಾರ ಬೇಕು. ದೇಶದಲ್ಲಿ ಫ್ಲೂ ಏಳುವುದು ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದ ಹೊತ್ತಿಗೆ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ. ಹಾಗಾಗಿ ಮಳೆ ಹಿಡಿಯುವ ಮುಂಚೆ ಹಾಕಿಸುವುದು ಒಳ್ಳೆಯದು. ಎಂಟು ವರ್ಷದವರೆಗಿನ ಮಕ್ಕಳಿಗೆ ಮೊದಲ ಬಾರಿಯಾದರೆ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್. ಹಾಕಿಸಿಕೊಂಡರೂ ಜ್ವರ ಬರಬಹುದು, ಆದರೆ ಆಸ್ಪತ್ರೆ ಸೇರುವ ಸಂಭವ ಕಡಿಮೆಯಾಗುತ್ತದೆ. ಗರ್ಭಿಣಿ ಹಾಕಿಸಿಕೊಂಡರೆ ರಕ್ಷಣೆ ಹೊಟ್ಟೆಯಲ್ಲಿರುವ ಮಗುವಿಗೂ ಹೋಗಿ, ಹುಟ್ಟಿದ ಮೇಲೆ ಮೊದಲ ಕೆಲವು ತಿಂಗಳು ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2012ರಲ್ಲಿಯೇ ಗರ್ಭಿಣಿಯರಿಗೆ ಮೊದಲ ಆದ್ಯತೆ ಕೊಡಿ ಎಂದು ಹೇಳಿದೆ.

ಆದರೂ ನಮ್ಮ ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದಲ್ಲಿ ಇದು ಇಲ್ಲ. ಖಾಸಗಿಯಾಗಿ ಹಾಕಿಸುವುದು ದಿನಗೂಲಿಯ ಮನೆಗೆ ಆಗದ ಮಾತು. ಶಾಲೆಗಳವರಿಗೂ ಹೇಳುವುದಿದೆ: ಜ್ವರವಿದ್ದರೂ ಬಂದ ಮಗುವಿಗೆ ಶೇಕಡಾ ನೂರು ಹಾಜರಾತಿಯ ಬಹುಮಾನ ಕೊಡುವುದನ್ನು ನಿಲ್ಲಿಸಿ. ಸರ್ಕಾರವನ್ನು ಕೇಳಬೇಕಾದ್ದು ಮಾತ್ರ ಇನ್ನೂ ದೊಡ್ಡದು. ಗರ್ಭಿಣಿಯರ ತಾಯಿ ಕಾರ್ಡಿನಲ್ಲಿ ಧನುರ್ವಾಯುವಿನ ಚುಚ್ಚುಮದ್ದಿಗೆ ಸಾಲಿದೆ. ಅದರ ಕೆಳಗೆ ಇನ್‌ಫ್ಲುಯೆಂಜಾ ಲಸಿಕೆಗೂ ಒಂದು ಸಾಲು ಬರಬೇಕು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಸಿಗಬೇಕು. ಮುಂದಿನ ಗ್ರಾಮಸಭೆಯಲ್ಲಿ, ವಾರ್ಡ್ ಸಭೆಯಲ್ಲಿ ಇದನ್ನು ಎತ್ತಿ. ನಿಮ್ಮ ಶಾಸಕರು ಯಾವ ಪಕ್ಷದವರೇ ಆಗಿರಲಿ, ಅವರ ಕೈಗೆ ಒಂದು ಅರ್ಜಿ ಕೊಡಿ.